ಹಾರ್ಟ್ ಫೇಲ್ಯೂರ್ ರೋಗಿಗೆ ಡಿಸ್ಚಾರ್ಜ್ ದಿನ "ಸಂಪೂರ್ಣ ವಿಶ್ರಾಂತಿ" ಅಂತ ಬರೆಯುವುದನ್ನು ಯಾವಾಗ ನಿಲ್ಲಿಸುತ್ತೇವೆ?

ವಾರ್ಡ್ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೃದಯದ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಎರಡು ತಿಂಗಳ ಹಿಂದೆ ಒಬ್ಬರು ಅಡ್ಮಿಟ್ ಆಗಿದ್ದರು. 68 ವರ್ಷ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಶೇಕಡಾ ಪಾಲು) 30. ಕಾಲು ತುಂಬಾ ಊತ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಏಳು ದಿನದಲ್ಲಿ ನೀರೆಲ್ಲ ಇಳಿಯಿತು. ತಾವೇ ನಡೆದುಕೊಂಡು ಲಿಫ್ಟ್ ತನಕ ಹೋದರು. 23ನೇ ದಿನ ವಾಪಸ್ ಬಂದರು, ಈ ಸಲ ಸ್ಟ್ರೆಚರ್ ಮೇಲೆ. ನೀರು ತುಂಬಿದ್ದು ಮೊದಲಿಗಿಂತ ಕಡಿಮೆಯೇ. ಆದರೆ ಹಾಸಿಗೆಯಿಂದ ಕುರ್ಚಿಗೆ ಬರಲು ಇಬ್ಬರು ಹಿಡಿಯಬೇಕಿತ್ತು. ತೊಡೆ ಸೊರಗಿ ಹೋಗಿತ್ತು.

ಏನಾಯಿತು ಅಂತ ಕೇಳಿದೆ. ಮಗ ಜೇಬಿನಿಂದ ಡಿಸ್ಚಾರ್ಜ್ ಹಾಳೆ ತೆಗೆದು ತೋರಿಸಿದರು. "ಸಂಪೂರ್ಣ ವಿಶ್ರಾಂತಿ. ಶ್ರಮ ಬೇಡ." ಅಷ್ಟೇ. ಮನೆಯವರು ಅದನ್ನು ಒಂದಕ್ಷರ ಬಿಡದೆ ಪಾಲಿಸಿದ್ದಾರೆ. ಊಟ ಹಾಸಿಗೆಗೆ, ಮೂತ್ರಕ್ಕೆ ಬಾಟಲಿ, ಎದ್ದರೆ ಗದರಿಕೆ. ಎಲ್ಲ ಪ್ರೀತಿಯಿಂದಲೇ ಮಾಡಿದ್ದು.

ಆ ಹಾಳೆಯನ್ನು ಅವರ ಕೈಗೆ ಕೊಟ್ಟವಳು ನಾನು. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಿಮ್ಮಲ್ಲಿ ಹೇಗಿದೆ? ಹಾರ್ಟ್ ಫೇಲ್ಯೂರ್ ರೋಗಿಗೆ ನಡೆಯಿರಿ ಅಂತ ಯಾರು ಹೇಳುತ್ತಾರೆ, ಯಾವ ದಿನ, ಯಾವ ಮಾತಿನಲ್ಲಿ? ರಿಹ್ಯಾಬ್‌ಗೆ (ವ್ಯಾಯಾಮದಿಂದ ಚೇತರಿಸಿಕೊಳ್ಳುವ ತರಬೇತಿಗೆ) ಕಳಿಸುವುದು ಯಾರ ಕೆಲಸ?

ರಾತ್ರಿ ಪಾಳಿ

ನಮ್ಮಲ್ಲೂ ಇದೇ ಹಾಳೆ, ಇದೇ ಸಾಲು ಸಿಸ್ಟರ್. ಯಾರು ಯಾವಾಗ ಬರೆದರೋ ಗೊತ್ತಿಲ್ಲ, ಕಾಪಿ ಆಗುತ್ತಾ ಬಂದಿದೆ.

ಹೃದಯ ಫಿಸಿಯೋ

ಸಿಸ್ಟರ್, ನೀವು ಕೇಳಿದ್ದು ಒಳ್ಳೆಯದಾಯಿತು. ನಾನು ಡಿಸ್ಚಾರ್ಜ್ ದಿನದ ತನಕ ಕಾಯುವುದೇ ಇಲ್ಲ. ಕುಳಿತಲ್ಲಿ ಏದುಸಿರು ನಿಂತಿದೆ, ತೂಕ ಇಳಿಯುತ್ತಿದೆ, ಬಿಪಿಗೆ ಬೆಂಬಲದ ಡ್ರಿಪ್ ತೆಗೆದಿದ್ದಾರೆ, ಹೃದಯದ ತಾಳ ಹೊಸದಾಗಿ ತಪ್ಪಿಲ್ಲ. ಇಷ್ಟಿದ್ದರೆ ಅವತ್ತೇ ಶುರು. ಮೊದಲು ಹಾಸಿಗೆ ಅಂಚಿನಲ್ಲಿ ಕೂರುವುದು. ಆಮೇಲೆ ಕುರ್ಚಿಯಿಂದ ಏಳುವುದು, ಕೂರುವುದು. ಆಮೇಲೆ ಬಾಗಿಲ ತನಕ. ಮಾರನೇ ದಿನ ಕಾರಿಡಾರ್.

ಈ ರೋಗಿಗಳಿಗೆ ಸುಸ್ತು ಬರುವುದು ಹೃದಯದಿಂದ ಮಾತ್ರ ಅಲ್ಲ. ಕಾಲಿನ ಸ್ನಾಯು ಕರಗಿರುತ್ತದೆ. ಇರುವ ಸ್ನಾಯುವೂ ರಕ್ತದಿಂದ ಆಮ್ಲಜನಕ ಎಳೆದುಕೊಳ್ಳುವುದರಲ್ಲಿ ಸೋತಿರುತ್ತದೆ. ಉಸಿರಾಟದ ಸ್ನಾಯುಗಳೂ ಹಾಗೇ. ಔಷಧಿ ಹೃದಯಕ್ಕೆ ಸಹಾಯ ಮಾಡುತ್ತದೆ. ಕಾಲಿಗೆ ಯಾರು ಸಹಾಯ ಮಾಡಬೇಕು? ನಡೆದರೆ ಮಾತ್ರ ಕಾಲು ಸರಿಯಾಗುತ್ತದೆ. ಇಎಫ್ ಒಂದು ಅಂಕಿಯೂ ಮೇಲೇರದೆ, ನಡೆಯುವ ದೂರ ಜಾಸ್ತಿಯಾಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪಿಜಿ ಮೆಡಿಸಿನ್

ಕ್ಷಮಿಸಿ, ನನಗೆ ಭಯ ಇದೆ. ಇಎಫ್ 20 ಇರುವವರನ್ನು ನಡೆಸಿ, ಕಾರಿಡಾರಿನಲ್ಲಿ ವಿಟಿ (ಪ್ರಾಣಕ್ಕೆ ಅಪಾಯ ತರುವ ಅತಿವೇಗದ ಬಡಿತ) ಬಂದರೆ? ರಾತ್ರಿ ಡ್ಯೂಟಿಯಲ್ಲಿ ಇರುವವನು ನಾನೊಬ್ಬನೇ. "ವಿಶ್ರಾಂತಿ" ಅಂತ ಬರೆದರೆ ಯಾರೂ ನನ್ನನ್ನು ಪ್ರಶ್ನೆ ಮಾಡುವುದಿಲ್ಲ. "ನಡೆಯಿರಿ" ಅಂತ ಬರೆದು ಏನಾದರೂ ಆದರೆ ನನ್ನನ್ನೇ ಕೇಳುತ್ತಾರೆ.

ಹಳೇ ಹೃದಯ ಡಾಕ್ಟರ್

ನಿನ್ನ ಭಯ ಅರ್ಥವಾಗುತ್ತದೆ ಮಗು, ಆ ವಯಸ್ಸಿನಲ್ಲಿ ನನಗೂ ಇತ್ತು. ಆದರೆ ಈ ಪ್ರಶ್ನೆಗೆ ಉತ್ತರ ಬಂದು ತುಂಬಾ ವರ್ಷವಾಯಿತು. 2009ರಲ್ಲಿ ಎಚ್‌ಎಫ್-ಆಕ್ಷನ್ ಅಧ್ಯಯನ ಬಂತು. 2,331 ರೋಗಿಗಳು, ಎಲ್ಲರಿಗೂ ಇಎಫ್ 35 ಅಥವಾ ಅದಕ್ಕಿಂತ ಕಡಿಮೆ. ಅರ್ಧ ಜನಕ್ಕೆ ಮೇಲ್ವಿಚಾರಣೆಯಲ್ಲಿ 36 ಸೆಷನ್ ವ್ಯಾಯಾಮ, ಆಮೇಲೆ ಮನೆಯಲ್ಲಿ ಮುಂದುವರಿಸುವುದು. ವ್ಯಾಯಾಮದಿಂದ ಅಪಾಯ ಜಾಸ್ತಿಯಾಗಲಿಲ್ಲ. ಇದು ಸ್ಪಷ್ಟ.

ಲಾಭದ ವಿಷಯದಲ್ಲಿ ಸತ್ಯ ಹೇಳಬೇಕು. ಸಾವು ಮತ್ತು ಆಸ್ಪತ್ರೆ ಸೇರುವುದನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸಿಕ್ಕ 7% ಇಳಿಕೆ, ನೇರ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ರೋಗದ ತೀವ್ರತೆಗೆ ಮೊದಲೇ ಗೊತ್ತುಮಾಡಿದ್ದ ಹೊಂದಾಣಿಕೆ ಮಾಡಿದ ಮೇಲೆ ಅದು 11% ಆಗಿ ನಿಂತಿತು. ಹೇಳಿದಷ್ಟು ವ್ಯಾಯಾಮವನ್ನು ತುಂಬಾ ಜನ ಮಾಡಲೂ ಇಲ್ಲ. ಬದುಕಿನ ಗುಣಮಟ್ಟ ಮಾತ್ರ ಮೊದಲ ಮೂರು ತಿಂಗಳಲ್ಲೇ ಸುಧಾರಿಸಿತು. 2022ರ ಅಮೆರಿಕನ್ ಮಾರ್ಗಸೂಚಿ, ಮಾಡಲು ಶಕ್ತರಾದ ಹಾರ್ಟ್ ಫೇಲ್ಯೂರ್ ರೋಗಿಗಳಿಗೆಲ್ಲ ವ್ಯಾಯಾಮವನ್ನು ಒಂದನೇ ದರ್ಜೆಯ ಸಲಹೆಯಾಗಿ ಕೊಟ್ಟಿದೆ.

ಯಾರನ್ನು ನಡೆಸಬಾರದು ಅಂತ ತಿಳಿದಿರಲಿ. ಇನ್ನೂ ನೀರು ತುಂಬಿಕೊಂಡು ಹದಗೆಡುತ್ತಿರುವವರು, ಕುಳಿತಲ್ಲೇ ಎದೆನೋವು ಬರುವವರು, ಹಿಡಿತಕ್ಕೆ ಬಾರದ ತಾಳ ತಪ್ಪಿದವರು, ಲಕ್ಷಣ ಇರುವ ತೀವ್ರ ಅಯೋರ್ಟಿಕ್ ಸ್ಟೆನೋಸಿಸ್ (ಹೃದಯದಿಂದ ರಕ್ತ ಹೊರಹೋಗುವ ಕವಾಟ ಕಿರಿದಾಗಿರುವುದು), ಹೃದಯದ ಸ್ನಾಯುವಿನ ಉರಿಯೂತ, ಜ್ವರ. ಇವರಿಗೆ ತಡೆ. ಇಎಫ್ 20 ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ.

ಎಕೋ ರೂಮ್

ಇಎಫ್ ಮಾತು ಬಂದಿದ್ದಕ್ಕೆ ಒಂದು ವಿಷಯ. ರೋಗಿಗಳು ಅದನ್ನು ಪರೀಕ್ಷೆಯ ಮಾರ್ಕ್ಸ್ ಥರ ನೋಡುತ್ತಾರೆ. "ನೂರಕ್ಕೆ ಮೂವತ್ತು ಅಷ್ಟೇನಾ, ಎಪ್ಪತ್ತು ಭಾಗ ಹೋಯ್ತಾ?" ಅಂತ ಕೇಳುತ್ತಾರೆ. ಆರೋಗ್ಯವಂತರಿಗೂ ನೂರು ಇರುವುದಿಲ್ಲ, 55-60ರ ಸುತ್ತ ಇರುತ್ತದೆ ಅಂತ ಯಾರೂ ಹೇಳಿರುವುದೇ ಇಲ್ಲ. ಒಂದು ನಿಮಿಷದ ಮಾತು ಅದು. ಹೇಳಿದ ತಕ್ಷಣ ಮುಖ ಬದಲಾಗುತ್ತದೆ.

ಇಎಫ್‌ಗೂ ನಡೆಯುವ ಶಕ್ತಿಗೂ ಹೊಂದಾಣಿಕೆ ತೀರಾ ಕಡಿಮೆ. 25 ಇದ್ದು ಮಹಡಿ ಹತ್ತಿ ಬರುವವರನ್ನೂ, 60 ಇದ್ದು ಬಾಗಿಲಲ್ಲೇ ಏದುಸಿರು ಬಿಡುವವರನ್ನೂ ದಿನಾ ನೋಡುತ್ತೇನೆ.

ಪಿಜಿ ಮೆಡಿಸಿನ್

ಸರಿ ಸರ್, ಒಪ್ಪಿದೆ. ಹಾಗಾದರೆ ಎಷ್ಟು ಜೋರಾಗಿ? 220ರಿಂದ ವಯಸ್ಸು ಕಳೆದು, ಅದರ 60-70% ಬಡಿತ ಮುಟ್ಟಬೇಕು ಅಂತ ಬರೆಯಲಾ?

ಹೃದಯ ಫಿಸಿಯೋ

ದಯವಿಟ್ಟು ಬೇಡ! ಇವರೆಲ್ಲ ಬೀಟಾ ಬ್ಲಾಕರ್ ಮೇಲೆ ಇರುತ್ತಾರೆ. ಬಡಿತ ಏರುವುದನ್ನೇ ಆ ಮಾತ್ರೆ ತಡೆಯುತ್ತದೆ. ನಿಮ್ಮ ಲೆಕ್ಕದ ಸಂಖ್ಯೆ ಮುಟ್ಟಿಸಲು ಹೋದರೆ ರೋಗಿ ಮೈಮೀರಿ ದಣಿಯುತ್ತಾರೆ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಏರುಪೇರಾಗುವ ಕಾಯಿಲೆ) ಇದ್ದರಂತೂ ನಾಡಿ ಒಂದೊಂದು ಕ್ಷಣ ಒಂದೊಂದು ಥರ.

ಮಾತ್ರೆ ತೆಗೆದುಕೊಂಡೇ ಮಾಡಿದ ವ್ಯಾಯಾಮ ಪರೀಕ್ಷೆ ಇದ್ದರೆ, ಅದರ ಆಧಾರದ ಮೇಲೆ ಬಡಿತದ ಗುರಿ ಇಡಬಹುದು. ಇಲ್ಲದಿದ್ದರೆ ಬೋರ್ಗ್ ಸ್ಕೇಲ್, ಎಷ್ಟು ಶ್ರಮ ಅನಿಸುತ್ತದೆ ಅಂತ ರೋಗಿಯೇ ಅಂಕಿಯಲ್ಲಿ ಹೇಳುವುದು. 6ರಿಂದ 20ರ ತನಕ ಅಂಕಿ ಇರುತ್ತದೆ, 11ರಿಂದ 14ರ ನಡುವೆ ಇರಲಿ. ಆ ಅಂಕಿ ಅರ್ಥವಾಗದವರಿಗೆ ಮಾತಿನ ಪರೀಕ್ಷೆ. ನಡೆಯುತ್ತಾ ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು. ಹಾಡುವಷ್ಟು ಆರಾಮಾಗಿದ್ದರೆ ಸ್ವಲ್ಪ ಜೋರು ಮಾಡಿ. ಎರಡು ಪದಕ್ಕೆ ಉಸಿರು ಬೇಕಾದರೆ ನಿಧಾನ ಮಾಡಿ. ಇದಕ್ಕೆ ಯಾವ ಯಂತ್ರವೂ ಬೇಡ.

ಐಸಿಡಿ (ತಾಳ ತಪ್ಪಿದರೆ ಶಾಕ್ ಕೊಡಲು ದೇಹದೊಳಗೆ ಕೂರಿಸಿದ ಯಂತ್ರ) ಇದ್ದರೆ ಅದು ಎಷ್ಟು ಬಡಿತಕ್ಕೆ ಶಾಕ್ ಕೊಡುವಂತೆ ಹೊಂದಿಸಿದ್ದಾರೆ ಅಂತ ಮೊದಲು ತಿಳಿದುಕೊಳ್ಳಿ. ಅದಕ್ಕಿಂತ 10ರಿಂದ 20 ಬಡಿತ ಕೆಳಗೇ ಇರಬೇಕು. ಆ ಸಂಖ್ಯೆ ಫೈಲಿನಲ್ಲಿ ಇಲ್ಲದೆ ನನ್ನ ಹತ್ತಿರ ಬರುವವರೇ ಜಾಸ್ತಿ. ಕಳಿಸುವ ಡಾಕ್ಟರುಗಳು ದಯವಿಟ್ಟು ಬರೆದು ಕಳಿಸಿ.

ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್

ಇದಕ್ಕೆ ಒಂದು ಸೇರಿಸುತ್ತೇನೆ. ಹೃದಯ ಕಸಿ ಆದವರಲ್ಲೂ ನಾಡಿ ನಂಬಬೇಡಿ. ಹೊಸ ಹೃದಯಕ್ಕೆ ನರಗಳ ಸಂಪರ್ಕ ಇರುವುದಿಲ್ಲ. ಬಡಿತ ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ವಾರ್ಮ್-ಅಪ್, ಕೂಲ್-ಡೌನ್ ಎರಡೂ ಉದ್ದ ಇರಬೇಕು.

ಶರೀರಶಾಸ್ತ್ರ ಮೇಷ್ಟ್ರು

ವಿಶ್ರಾಂತಿ ಅಂದರೆ ಅಪಾಯ ಇಲ್ಲದ ಸಲಹೆ ಅಂತ ನಾವು ಭಾವಿಸಿದ್ದೇವಲ್ಲ, ಅದೇ ಮೂಲ ತಪ್ಪು. ತರಗತಿಯಲ್ಲಿ ನಾನು ಯಾವಾಗಲೂ ಡಾಲಸ್ ಅಧ್ಯಯನದ ಕತೆ ಹೇಳುತ್ತೇನೆ. 1966ರಲ್ಲಿ ಇಪ್ಪತ್ತರ ವಯಸ್ಸಿನ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದು ಹೋಯಿತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷೆ ಮಾಡಿದರು. ಮೂವತ್ತು ವರ್ಷ ವಯಸ್ಸಾದದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ಜಾಸ್ತಿ ಹಾಳು ಮಾಡಿತ್ತು.

ಸಿಸ್ಟರ್ ಹೇಳಿದ ರೋಗಿಯೂ ಸುಮಾರು ಮೂರು ವಾರವೇ ಮಲಗಿದ್ದರು. ಅವರಿಗೆ 68 ವರ್ಷ, ಹೃದಯ ಬೇರೆ ಸೋತಿದೆ. ಯೋಚನೆ ಮಾಡಿ.

ಹಳೇ ಹೃದಯ ಡಾಕ್ಟರ್

ಮೇಷ್ಟ್ರೇ, ಇನ್ನೂ ಹಿಂದೆ ಹೋಗಬಹುದು. ಒಂದು ಕಾಲದಲ್ಲಿ ಹೃದಯಾಘಾತ ಆದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. 1952ರಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಬರೀ ಕುರ್ಚಿ! ಅದಕ್ಕೇ ಆಗ ದೊಡ್ಡ ವಿರೋಧ ಬಂತು.

ಪಿಜಿ ಮೆಡಿಸಿನ್

ಸರ್, ಅದು ಹೃದಯಾಘಾತಕ್ಕೆ ಅಲ್ವಾ? ನಾವು ಹಾರ್ಟ್ ಫೇಲ್ಯೂರ್ ಮಾತಾಡುತ್ತಿದ್ದೇವೆ.

ಹಳೇ ಹೃದಯ ಡಾಕ್ಟರ್

ಸರಿಯಾಗಿ ಹಿಡಿದೆ. ಹಾರ್ಟ್ ಫೇಲ್ಯೂರ್‌ನಲ್ಲಿ ಈ ಬದಲಾವಣೆ ಇನ್ನೂ ತಡವಾಯಿತು. ನಾನು ಓದುವಾಗಲೂ "ಸೋತ ಹೃದಯಕ್ಕೆ ಕೆಲಸ ಕೊಡಬೇಡಿ" ಅಂತಲೇ ಕಲಿತದ್ದು. 1990ರ ನಂತರ ಆ ಮಾತು ನಿಧಾನವಾಗಿ ಬಿತ್ತು. ಸಿಸ್ಟರ್ ಕೈಯಲ್ಲಿದ್ದ ಹಾಳೆಯ ಸಾಲು ಆ ಕಾಲದ್ದು.

ಮನೆಮನೆ ನರ್ಸ್

ನನಗೆ ಬೇರೆ ತಕರಾರು ಇದೆ. ಹಾಳೆಗಿಂತ ಮೊದಲು ಆ ಹೆಸರು. "ಹೃದಯ ವೈಫಲ್ಯ" ಅಂತ ಬರೆಯುತ್ತೇವೆ. ಓದಿದವರಿಗೆ ಏನು ಅನಿಸುತ್ತದೆ? ಹೃದಯ ನಿಂತೇ ಹೋಗುತ್ತದೆ ಅಂತ. ಒಬ್ಬ ತಾಯಿ ಒಂದು ತಿಂಗಳು ಮಗ್ಗುಲು ಬದಲಿಸಿ ಮಲಗಲೂ ಹೆದರಿದ್ದರು. ಅಂಥವರಿಗೆ ನಡೆಯಿರಿ ಅಂದರೆ ನಡೆಯುತ್ತಾರಾ?

ನಾನು ಹೀಗೆ ಹೇಳುತ್ತೇನೆ: "ನಿಮ್ಮ ಹೃದಯ ನಿಂತಿಲ್ಲ. ಪಂಪ್ ಮಾಡುವ ಶಕ್ತಿ ಕಡಿಮೆಯಾಗಿದೆ. ಅದಕ್ಕೇ ನೀರು ಹಿಂದೆ ಉಳಿದು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ." ಇಷ್ಟೇ ಸಾಕು. ಆ ಮೇಲೆ ಅವರ ಬಾಯಲ್ಲೇ ಒಮ್ಮೆ ಹೇಳಿಸುತ್ತೇನೆ. ಅರ್ಥವಾಯ್ತಾ ಅಂತ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. "ಮನೆಗೆ ಹೋಗಿ ಮಗಳಿಗೆ ಏನು ಹೇಳುತ್ತೀರಿ?" ಅಂತ ಕೇಳಿದರೆ ನಿಜ ಗೊತ್ತಾಗುತ್ತದೆ.

ಸಣ್ಣ ಆಸ್ಪತ್ರೆ ಡಾಕ್ಟರ್

ಹೆಸರು ಮೆತ್ತಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮೆತ್ತಗೆ ಹೇಳಿದರೆ ಮಾತ್ರೆ ಬಿಟ್ಟುಬಿಡುತ್ತಾರೆ. ಇದು ಗಂಭೀರ ಕಾಯಿಲೆ, ಹಾಗೇ ತಿಳಿಯಬೇಕು.

ಮನೆಮನೆ ನರ್ಸ್

ಗಂಭೀರ ಅಂತ ಹೇಳಿ ಡಾಕ್ಟ್ರೇ, ಬೇಡ ಅಂದಿಲ್ಲ. ಆದರೆ ಅರ್ಥವಾಗುವಂತೆ ಹೇಳಿ. ಹೆದರಿದವರು ಮಾತ್ರೆ ನುಂಗುತ್ತಾರೆ, ಹಾಸಿಗೆ ಬಿಟ್ಟು ಏಳುವುದಿಲ್ಲ. ನಮ್ಮ ಚರ್ಚೆಯೇ ಅದಲ್ವಾ?

ರಾತ್ರಿ ಪಾಳಿ

ಅವರ ಮಾತನ್ನೂ ನಾವು ಕಲಿಯಬೇಕು. "ಡಿಸ್ಪ್ನಿಯಾ ಇದೆಯಾ" ಅಂತ ಯಾರನ್ನು ಕೇಳುತ್ತೀರಿ? ಅವರು ಹೇಳುವುದು ದಮ್ಮು, ಏದುಸಿರು, ಸುಸ್ತು, ಗ್ಯಾಸ್. "ಬಗ್ಗಿ ಶೂ ಹಾಕಿಕೊಳ್ಳುವಾಗ ಉಸಿರು ಕಟ್ಟುತ್ತೆ" ಅಂತ ಒಬ್ಬರು ಹೇಳಿದ್ದನ್ನು ಹೊಟ್ಟೆ ಬಂದಿದೆ ಅಂತ ಬಿಟ್ಟಿದ್ದರು. ಬಗ್ಗಿದ 30 ಸೆಕೆಂಡ್ ಒಳಗೆ ಉಸಿರು ಕಟ್ಟಿದರೆ ಅದು ಬೆಂಡಾಪ್ನಿಯಾ. ಹೃದಯದೊಳಗೆ ಒತ್ತಡ ಏರಿರುವ ಸೂಚನೆ. ಎರಡು ದಿನದ ಮೇಲೆ ಅವರನ್ನು ಆಂಬ್ಯುಲೆನ್ಸ್‌ನಲ್ಲಿ ಕರೆತಂದರು.

ಔಷಧಿ ಕೌಂಟರ್

ಸ್ವಲ್ಪ ವಿಷಯ ಬದಲಿಸುತ್ತೇನೆ, ಆದರೆ ಇದೂ ಡಿಸ್ಚಾರ್ಜ್ ಹಾಳೆಯದೇ. ಹೋದ ವಾರ ಒಬ್ಬರು ಹೊಸ ಚೀಟಿ ತಂದರು, ಹಾರ್ಟ್ ಫೇಲ್ಯೂರ್ ಮಾತ್ರೆ ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್. ಚೀಲದಲ್ಲಿ ಹಳೇ ಎನಾಲಪ್ರಿಲ್ ಸ್ಟ್ರಿಪ್ ಇನ್ನೂ ಇತ್ತು. "ಎರಡೂ ತೆಗೆದುಕೊಳ್ಳುತ್ತಿದ್ದೀರಾ?" ಅಂದೆ. "ಹಳೇದು ನಿಲ್ಲಿಸಿ ಅಂತ ಯಾರೂ ಹೇಳಿಲ್ಲವಲ್ಲ" ಅಂದರು. ಎನಾಲಪ್ರಿಲ್ ನಿಲ್ಲಿಸಿ 36 ಗಂಟೆ ಕಳೆದ ಮೇಲೇ ಹೊಸದು ಶುರು ಮಾಡಬೇಕು. ಇಲ್ಲದಿದ್ದರೆ ಮುಖ, ನಾಲಿಗೆ, ಗಂಟಲು ಊದಿಕೊಂಡು ಪ್ರಾಣಕ್ಕೇ ಬರಬಹುದು.

ಹಾಳೆಯಲ್ಲಿ "ಯಾವುದನ್ನು ನಿಲ್ಲಿಸಬೇಕು" ಅನ್ನುವ ಜಾಗವೇ ಇರುವುದಿಲ್ಲ. ಬರೀ ಯಾವುದನ್ನು ಶುರು ಮಾಡಬೇಕು ಅಂತ ಇರುತ್ತದೆ.

ಮತ್ತೆ ಮೊಣಕಾಲು ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ. ನಡೆಯಲು ಶುರು ಮಾಡಿದವರಿಗೆ ಮಂಡಿ ನೋಯುತ್ತದೆ, ಅವರೇ ಬಂದು ಕೇಳಿ ತೆಗೆದುಕೊಳ್ಳುತ್ತಾರೆ. ಅದು ದೇಹದಲ್ಲಿ ಉಪ್ಪು-ನೀರು ಹಿಡಿದಿಡುತ್ತದೆ, ನೀರು ಮಾತ್ರೆಯ (ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆಯ) ಕೆಲಸ ಕೆಡಿಸುತ್ತದೆ. ನಡೆಯಿರಿ ಅಂತ ಬರೆಯುವ ಹಾಳೆಯಲ್ಲೇ ಇದನ್ನೂ ಬರೆಯಿರಿ.

ಹೃದಯ ಫಿಸಿಯೋ

ಮಂಡಿ ನೋವಿನ ಮಾತು ನೂರಕ್ಕೆ ನೂರು ನಿಜ. ಅದಕ್ಕೇ ನಾನು ಮೊದಲು ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಿಸುವುದು. ತೊಡೆ ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಎದ್ದೇಳುವಾಗ ಉಸಿರು ಬಿಗಿ ಹಿಡಿಯಬಾರದು. ಜೋರಾಗಿ ಎಣಿಸುತ್ತಾ ಏಳಿ ಅನ್ನುತ್ತೇನೆ. ಎಣಿಸುವವರಿಗೆ ಉಸಿರು ಹಿಡಿಯಲು ಆಗುವುದಿಲ್ಲ.

ಡಯಟ್ ಮೇಡಂ

ಉಪ್ಪಿನ ವಿಷಯ ಬಂದ ಮೇಲೆ ಸುಮ್ನೆ ಇರಲು ಆಗುತ್ತಿಲ್ಲ. ಉಪ್ಪು ಬಿಡಿ ಅಂದ ತಕ್ಷಣ ಜನ "ಲೋ ಸೋಡಿಯಂ" ಬದಲಿ ಉಪ್ಪು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಉಳಿಸಿಕೊಳ್ಳುವ ಮಾತ್ರೆ) ಜೊತೆಗೆ ಎನಾಲಪ್ರಿಲ್ ಥರದ ಎಸಿಇ ಮಾತ್ರೆಯನ್ನೋ ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಅನ್ನೋ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಏರಿ ಹೃದಯದ ತಾಳವೇ ತಪ್ಪಬಹುದು. ಮನೆಯ ಉಪ್ಪಿನ ಡಬ್ಬಿ ಯಾವುದು ಅಂತ ಕೇಳಿ.

ಇನ್ನು ತೀರಾ ಬಿಗಿ ಪಥ್ಯ. 2022ರ ಸೋಡಿಯಂ-ಎಚ್‌ಎಫ್ ಅಧ್ಯಯನದಲ್ಲಿ 806 ರೋಗಿಗಳು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಗುರಿ. ಸಾವು, ಆಸ್ಪತ್ರೆ ಭೇಟಿ ಕಡಿಮೆ ಆಗಲಿಲ್ಲ. ಹಾಗಂತ ಉಪ್ಪು ಸುರಿಯಿರಿ ಅಂತ ಅಲ್ಲ. ಜಾಸ್ತಿ ಉಪ್ಪು ಬೇಡ, ಪ್ಯಾಕೆಟ್ ಆಹಾರ ಬೇಡ. ಆದರೆ ರುಚಿಯೇ ಇಲ್ಲದ ಊಟ ಕೊಟ್ಟು, ಅವರು ಅರ್ಧ ಹೊಟ್ಟೆ ಉಂಡು, ಸ್ನಾಯು ಕರಗಿದರೆ ಫಿಸಿಯೋ ಏನು ಮಾಡಲು ಸಾಧ್ಯ?

ಸಣ್ಣ ಆಸ್ಪತ್ರೆ ಡಾಕ್ಟರ್

ನೀರು? ನಾನು ಎಲ್ಲರಿಗೂ ಒಂದೂವರೆ ಲೀಟರ್ ಅಂತ ಬರೆಯುತ್ತೇನೆ.

ಡಯಟ್ ಮೇಡಂ

ಎಲ್ಲರಿಗೂ ಯಾಕೆ ಡಾಕ್ಟ್ರೇ? 2025ರಲ್ಲಿ ಫ್ರೆಶ್-ಅಪ್ ಅಧ್ಯಯನ ಬಂದಿದೆ. ಆಸ್ಪತ್ರೆಯಲ್ಲಿ ಇಲ್ಲದ, ಸ್ಥಿರವಾಗಿರುವ 504 ರೋಗಿಗಳು. ಅರ್ಧ ಜನಕ್ಕೆ ಒಂದೂವರೆ ಲೀಟರ್ ಮಿತಿ, ಉಳಿದವರಿಗೆ ಬೇಕಾದಷ್ಟು. ಮೂರು ತಿಂಗಳ ನಂತರ ಆರೋಗ್ಯದ ಸ್ಥಿತಿಯಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಮಿತಿ ಹಾಕಿದವರಿಗೆ ಬಾಯಾರಿಕೆಯ ಕಷ್ಟ ಮಾತ್ರ ಜಾಸ್ತಿ ಇತ್ತು. ಸೋಡಿಯಂ ಇಳಿದವರಿಗೆ, ಇನ್ನೂ ನೀರು ತುಂಬಿರುವವರಿಗೆ ಬೇರೆ ಲೆಕ್ಕ. ಎಲ್ಲರಿಗೂ ಒಂದೇ ಮೊಹರು ಒತ್ತಬೇಡಿ.

ಸಣ್ಣ ಆಸ್ಪತ್ರೆ ಡಾಕ್ಟರ್

ಇದು ಗೊತ್ತಿರಲಿಲ್ಲ. ನಾಳೆಯಿಂದ ಒಬ್ಬೊಬ್ಬರನ್ನೇ ನೋಡಿ ಬರೆಯುತ್ತೇನೆ.

ನನ್ನ ಕಷ್ಟ ಬೇರೆ. ಇಲ್ಲಿ ರಿಹ್ಯಾಬ್ ಸೆಂಟರೇ ಇಲ್ಲ. ಟ್ರೆಡ್‌ಮಿಲ್ ಇಲ್ಲ, ಮಾನಿಟರ್ ಎರಡೇ. ನೀವೆಲ್ಲ ಹೇಳುವುದನ್ನು ನಾನು ಎಲ್ಲಿ ಮಾಡಲಿ?

ಹೃದಯ ಫಿಸಿಯೋ

ಮನೆಯಲ್ಲಿ ಮಾಡಿಸಿ. ಬ್ರಿಟನ್ನಿನ ರೀಚ್-ಎಚ್‌ಎಫ್ ಅಂಥದ್ದೇ ಕಾರ್ಯಕ್ರಮ. ಕೈಪಿಡಿ, ಕುರ್ಚಿ ವ್ಯಾಯಾಮ ಅಥವಾ ನಡಿಗೆ, ನಡುನಡುವೆ ನರ್ಸ್ ಅಥವಾ ಫಿಸಿಯೋ ಭೇಟಿ ಮತ್ತು ಫೋನ್. ರೋಗಿಯ ಬದುಕಿನ ಗುಣಮಟ್ಟ ಚೆನ್ನಾಗಿ ಸುಧಾರಿಸಿತು. ಮನೆಯವರಿಗೂ ಅದರಲ್ಲಿ ಕೈಪಿಡಿ ಇದೆ, ಅದು ನನಗೆ ತುಂಬಾ ಇಷ್ಟವಾದದ್ದು.

ನಿಮಗೆ ಬೇಕಿರುವುದು ಒಂದು ಕಾರಿಡಾರ್, ಒಂದು ಕುರ್ಚಿ, ಒಂದು ಗಡಿಯಾರ. ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿ, ದೂರ ಬರೆದಿಡಿ. ಮೊದಲು ಯಾರನ್ನು ಮೇಲ್ವಿಚಾರಣೆಯಲ್ಲೇ ಮಾಡಿಸಬೇಕು ಅಂತ ಬೇರ್ಪಡಿಸಿ: ಇತ್ತೀಚೆಗೆ ಶಾಕ್ ಬಂದವರು, ನಡೆಯುವಾಗ ತಲೆ ಸುತ್ತಿ ಬಿದ್ದವರು, ಶ್ರಮಕ್ಕೆ ಎದೆನೋವು ಬರುವವರು. ಅವರನ್ನು ದೊಡ್ಡ ಸೆಂಟರಿಗೆ ಕಳಿಸಿ.

ಸಣ್ಣ ಆಸ್ಪತ್ರೆ ಡಾಕ್ಟರ್

ನಮ್ಮ ಕಾರಿಡಾರ್ 18 ಮೀಟರ್. ಪರೀಕ್ಷೆಗೆ 30 ಬೇಕಲ್ಲ?

ಹೃದಯ ಫಿಸಿಯೋ

ಮಾದರಿ ಕ್ರಮದಲ್ಲಿ 30. ಚಿಕ್ಕದಾದರೆ ತಿರುಗುವುದು ಜಾಸ್ತಿ, ದೂರ ಸ್ವಲ್ಪ ಕಡಿಮೆ ಬರುತ್ತದೆ. ಬೇರೆಯವರ ಸಂಖ್ಯೆಗೆ ಹೋಲಿಸಬೇಡಿ. ಅದೇ ರೋಗಿ, ಅದೇ ಕಾರಿಡಾರ್, ಮುಂದಿನ ಸಲ ಎಷ್ಟು? ಸುಮಾರು 30 ಮೀಟರ್ ಜಾಸ್ತಿಯಾದರೆ ರೋಗಿಗೇ ಅದು ಗೊತ್ತಾಗುತ್ತದೆ. ನಡುವೆ ಹುರಿದುಂಬಿಸುವ ಮಾತೂ ಪ್ರತಿ ಸಲ ಒಂದೇ ಇರಲಿ.

ನರ್ಸೂ ಹೌದು, ಮಗಳೂ ಹೌದು

ನಮ್ಮಮ್ಮನ ವಿಷಯ ಹೇಳಲೇಬೇಕು. 71 ವರ್ಷ, ಬಿಪಿ, ಶುಗರ್, ಸ್ವಲ್ಪ ದಪ್ಪ. ಎರಡು ವರ್ಷ ಮಹಡಿ ಹತ್ತಲು ಆಗುತ್ತಿರಲಿಲ್ಲ. ತೋರಿಸಿದ ಕಡೆ ಎಕೋ ಮಾಡಿ "ಇಎಫ್ 60, ಹೃದಯ ಚೆನ್ನಾಗಿದೆ, ವಯಸ್ಸಾಯಿತು ಅಷ್ಟೇ" ಅಂದರು. ನಾನು ನರ್ಸ್ ಆಗಿಯೂ ನಂಬಿದೆ. ಕಾಲು ಊದಿ ಅಡ್ಮಿಟ್ ಆದ ಮೇಲೆ ಇನ್ನೊಬ್ಬ ಡಾಕ್ಟರು ಎಚ್‌ಎಫ್‌ಪೆಫ್, ಅಂದರೆ ಇಎಫ್ ಸರಿ ಇದ್ದೂ ಬರುವ ಹಾರ್ಟ್ ಫೇಲ್ಯೂರ್ ಅಂತ ಹೇಳಿದರು. ಆಮೇಲೆ ಯಾರೂ ಅವರನ್ನು ರಿಹ್ಯಾಬ್‌ಗೆ ಕಳಿಸಲಿಲ್ಲ. ಕೇಳಿದರೆ "ಅದು ಇಎಫ್ ಕಡಿಮೆ ಇರುವವರಿಗೆ" ಅನ್ನುವ ಉತ್ತರ.

ಎಕೋ ರೂಮ್

ಇದು ನೋವಿನ ವಿಷಯ. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಸುಮಾರು ಅರ್ಧ ಜನ ಹೀಗೇ, ಇಎಫ್ 50 ಅಥವಾ ಮೇಲೆ. ಹೃದಯ ಹಿಂಡುವುದು ಸರಿ ಇರುತ್ತದೆ, ಸಡಿಲಾಗಿ ತುಂಬಿಕೊಳ್ಳುವುದು ಸರಿ ಇರುವುದಿಲ್ಲ. ರಿಪೋರ್ಟಿನಲ್ಲಿ ಇಎಫ್ ಒಂದೇ ಓದಿ ಮುಚ್ಚುವವರು ಎಡ ಹೃತ್ಕರ್ಣದ ಗಾತ್ರ, ತುಂಬುವ ಒತ್ತಡದ ಸಾಲುಗಳನ್ನೂ ಓದಿ ಅಂತ ಕೇಳಿಕೊಳ್ಳುತ್ತೇನೆ. ನಾವು ಅದನ್ನು ಕಷ್ಟಪಟ್ಟು ಅಳೆದಿರುತ್ತೇವೆ.

ಹಳೇ ಹೃದಯ ಡಾಕ್ಟರ್

ಅಮ್ಮನಿಗೆ ರಿಹ್ಯಾಬ್ ಖಂಡಿತ ಬೇಕು ತಾಯಿ. ಇಎಫ್ ಸರಿ ಇರುವವರಲ್ಲೂ ವ್ಯಾಯಾಮದಿಂದ ನಡೆಯುವ ಶಕ್ತಿ ಜಾಸ್ತಿಯಾಗುತ್ತದೆ. ಮಾತ್ರೆಗಳ ಆಯ್ಕೆ ಕಡಿಮೆ ಇರುವ ಕಾಯಿಲೆ ಇದು, ಅದಕ್ಕೇ ವ್ಯಾಯಾಮದ ಬೆಲೆ ಇನ್ನೂ ಜಾಸ್ತಿ. ಎಸ್‌ಜಿಎಲ್‌ಟಿ2 ಮಾತ್ರೆ (ಶುಗರ್‌ಗೂ ಹಾರ್ಟ್ ಫೇಲ್ಯೂರ್‌ಗೂ ಕೊಡುವಂಥದ್ದು) ಕೊಡುತ್ತಿದ್ದಾರಾ ಕೇಳಿ. ಅದರ ಮೇಲಿನ ಎಂಪರರ್-ಪ್ರಿಸರ್ವ್ಡ್ ಅಧ್ಯಯನ 2021ರಲ್ಲಿ, ಡೆಲಿವರ್ ಅಧ್ಯಯನ 2022ರಲ್ಲಿ ಬಂದವು. ಎರಡರಲ್ಲೂ ಮುಖ್ಯವಾಗಿ ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಹೆಂಗಸರನ್ನು ರಿಹ್ಯಾಬ್‌ಗೆ ಕಳಿಸುವುದು ಗಂಡಸರಿಗಿಂತ ಕಡಿಮೆ, ಇದು ಎಲ್ಲ ಕಡೆ ಕಾಣುವ ಮಾತು. ನಾಚಿಕೆಯ ವಿಷಯ.

ಪಿಜಿ ಮೆಡಿಸಿನ್

ಇನ್ನೊಂದು ಪ್ರಶ್ನೆ. ಬಿಪಿ 95 ಇದೆ ಅಂತ ಡ್ಯೂಟಿಯಲ್ಲಿ ನಾನು ಮಾತ್ರೆ ನಿಲ್ಲಿಸುತ್ತೇನೆ. ನಡೆಸಿದರೆ ಇನ್ನೂ ಇಳಿಯುತ್ತದಲ್ಲ?

ಹಳೇ ಹೃದಯ ಡಾಕ್ಟರ್

ತಲೆ ಸುತ್ತುತ್ತದಾ? ಕಣ್ಣು ಕತ್ತಲೆ ಬರುತ್ತದಾ? ಮೂತ್ರ ಕಡಿಮೆಯಾಯಿತಾ? ಇಲ್ಲ ಅಂದರೆ ಬರೀ ಸಂಖ್ಯೆ ನೋಡಿ ನಿಲ್ಲಿಸಬೇಡ. ನಿಂತಾಗಿನ ಬಿಪಿ ನೋಡು. ನೀರು ಇಳಿದು ಒಣಗಿದ್ದರೆ ಮೊದಲು ನೀರು ಮಾತ್ರೆ ಕಡಿಮೆ ಮಾಡು. ಬೇರೆ ಕಾರಣಕ್ಕೆ ಕೊಡುತ್ತಿರುವ ಬಿಪಿ ಮಾತ್ರೆ ಇದ್ದರೆ ಅದನ್ನು ತೆಗೆ. ಹಾರ್ಟ್ ಫೇಲ್ಯೂರ್‌ಗೆ ಕೊಡುವ ನಾಲ್ಕು ಮುಖ್ಯ ಔಷಧಿಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ಮತ್ತು ಎಸ್‌ಜಿಎಲ್‌ಟಿ2 ಬಿಪಿಯನ್ನು ಇಳಿಸುವುದು ಬಹಳ ಕಡಿಮೆ. ಅವನ್ನು ನಿಲ್ಲಿಸಿ ಏನೂ ಸಿಗುವುದಿಲ್ಲ.

2022ರ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನ ಓದು. ಡಿಸ್ಚಾರ್ಜ್ ಆದ ಎರಡು ವಾರದೊಳಗೆ ಔಷಧಿಗಳನ್ನು ಪೂರ್ತಿ ಡೋಸಿಗೆ ಏರಿಸಿದರು. 1, 2, 3, 6ನೇ ವಾರ ಕರೆಸಿ ಪರೀಕ್ಷೆ ಮಾಡಿದರು, ರಕ್ತ ಪರೀಕ್ಷೆಯೂ ಸೇರಿ. 180 ದಿನದಲ್ಲಿ ಸಾವು ಅಥವಾ ಮತ್ತೆ ಆಸ್ಪತ್ರೆ ಸೇರಿದ್ದು 15.2%. ಮಾಮೂಲಿ ಆರೈಕೆಯಲ್ಲಿ 23.3%. ಲಾಭ ಎಷ್ಟು ಸ್ಪಷ್ಟ ಇತ್ತು ಅಂದರೆ ಅಧ್ಯಯನವನ್ನೇ ಬೇಗ ನಿಲ್ಲಿಸಿದರು.

ಹೃದಯ ಫಿಸಿಯೋ

ಆ ನಾಲ್ಕು ಭೇಟಿ ರಿಹ್ಯಾಬ್ ಸೆಷನ್‌ಗೇ ಜೋಡಿಸಬಹುದು ಸರ್. ನಾವು ವಾರಕ್ಕೆ ಎರಡು-ಮೂರು ಸಲ ಅವರನ್ನು ನೋಡುತ್ತೇವೆ. ತೂಕ, ನಿಂತ ಬಿಪಿ, ಕಾಲಿನ ಊತ, ಎಲ್ಲ ನಮ್ಮ ಪುಸ್ತಕದಲ್ಲಿ ಇರುತ್ತದೆ. ಯಾರೂ ಕೇಳುವುದಿಲ್ಲ!

ಔಷಧಿ ಕೌಂಟರ್

ಸೆಷನ್ ಹೊತ್ತು ಗೊತ್ತುಮಾಡುವಾಗ ನೀರು ಮಾತ್ರೆ ಎಷ್ಟು ಗಂಟೆಗೆ ಅಂತ ಕೇಳಿ. ಮಾತ್ರೆ ನುಂಗಿ ಒಂದು ಗಂಟೆಗೆ ನಡೆಯಲು ಕರೆದರೆ ಪಾಪ, ನಡುವೆ ಶೌಚಾಲಯ ಹುಡುಕಬೇಕು. ನಾಚಿಕೆಗೆ ಅವತ್ತು ಮಾತ್ರೆಯನ್ನೇ ಬಿಟ್ಟು ಬರುತ್ತಾರೆ.

ಮನೆಮನೆ ನರ್ಸ್

ಇದು ನಿಜ, ನಾನೂ ನೋಡಿದ್ದೇನೆ.

ಯಾರೂ ಎತ್ತದ ಇನ್ನೊಂದು ವಿಷಯ ಇದೆ. ದಂಪತಿಗಳು ಕೇಳಲು ನಾಚುತ್ತಾರೆ, ನಾವೂ ಹೇಳುವುದಿಲ್ಲ. ಮಲಗುವ ಕೋಣೆಯ ವಿಷಯ. ಎರಡು ಮಹಡಿ ಆರಾಮಾಗಿ ಹತ್ತುವವರಿಗೆ ಸಾಮಾನ್ಯವಾಗಿ ಪರವಾಗಿಲ್ಲ ಅಂತ ಹೇಳಿ. ನೈಟ್ರೇಟ್ (ಎದೆನೋವಿನ ಮಾತ್ರೆ) ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ (ಲೈಂಗಿಕ ಶಕ್ತಿಗೆ ಕೊಡುವ ಮಾತ್ರೆ) ಮುಟ್ಟಬಾರದು ಅಂತಲೂ ಹೇಳಿ. ಮನಸ್ಸು ಕುಗ್ಗಿದೆಯಾ, ನಿದ್ದೆ ಬರುತ್ತದಾ ಅಂತಲೂ ಕೇಳಿ. ಸುಮ್ಮನೆ ಗೋಡೆ ನೋಡುತ್ತಾ ಕೂರುವವರನ್ನು ಸೋಮಾರಿ ಅಂತ ಮನೆಯವರು ಬೈಯುತ್ತಾರೆ. ಅದು ಖಿನ್ನತೆ ಇರಬಹುದು.

ವಾರ್ಡ್ ಸಿಸ್ಟರ್

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ಸಲ ಓದಿದೆ. ನಮ್ಮ ಯೂನಿಟ್ ಡಾಕ್ಟರ ಜೊತೆ ಕೂತು ಹಾಳೆ ಬದಲಿಸಿದೆವು. "ಸಂಪೂರ್ಣ ವಿಶ್ರಾಂತಿ" ತೆಗೆದಾಯಿತು. ಈಗ ಹೀಗಿದೆ:

"ದಿನಕ್ಕೆ ಮೂರು ಸಲ, ಐದೈದು ನಿಮಿಷ ನಡೆಯಿರಿ. ನಡೆಯುತ್ತಾ ಮಾತಾಡಲು ಆಗಬೇಕು. ವಾರಕ್ಕೊಮ್ಮೆ ಎರಡು ನಿಮಿಷ ಜಾಸ್ತಿ ಮಾಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿನ್ನುವ ಮೊದಲು ತೂಕ ನೋಡಿ ಬರೆಯಿರಿ. ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ, ಅಥವಾ ಮಲಗಲು ದಿಂಬು ಜಾಸ್ತಿ ಬೇಕಾದರೆ, ನಡಿಗೆ ನಿಲ್ಲಿಸಿ ಫೋನ್ ಮಾಡಿ. ನೋವಿನ ಮಾತ್ರೆ ಕೇಳದೆ ಬೇಡ." ಕೆಳಗೆ ಎರಡು ಖಾಲಿ ಜಾಗ: ನಿಲ್ಲಿಸಬೇಕಾದ ಮಾತ್ರೆ, ರಿಹ್ಯಾಬ್ ದಿನಾಂಕ. ಆ ದಿನಾಂಕ ತುಂಬದೆ ಹಾಳೆ ವಾರ್ಡಿನಿಂದ ಹೊರಗೆ ಹೋಗುವಂತಿಲ್ಲ. ಹಾಗಾಗಿ ಕಳಿಸುವುದು ಯಾರ ಕೆಲಸ ಅನ್ನುವ ಪ್ರಶ್ನೆಯೇ ಉಳಿದಿಲ್ಲ.

ಸಣ್ಣ ಆಸ್ಪತ್ರೆ ಡಾಕ್ಟರ್

"ಎದೆನೋವು, ತಲೆಸುತ್ತು ಬಂದರೆ ಅಲ್ಲೇ ಕೂತುಬಿಡಿ, ಕಡಿಮೆಯಾಗದಿದ್ದರೆ ಕೂಡಲೇ ಆಸ್ಪತ್ರೆಗೆ" ಅಂತಲೂ ಸೇರಿಸಿ. ಈ ಹಾಳೆ ನಾನೂ ಬಳಸಬಹುದಾ?

ವಾರ್ಡ್ ಸಿಸ್ಟರ್

ಸೇರಿಸಿದೆ ಡಾಕ್ಟ್ರೇ. ಧಾರಾಳವಾಗಿ ಬಳಸಿ.

ಪಿಜಿ ಮೆಡಿಸಿನ್

ನಿನ್ನೆ ರಾತ್ರಿ ಮೊದಲ ಸಲ "ನಡೆಸಿ" ಅಂತ ಬರೆದೆ. ಇಎಫ್ 22. ನಾನೇ ಪಕ್ಕದಲ್ಲಿ ಹೋದೆ. ಬಾಗಿಲ ತನಕ ಹೋಗಿ ಬಂದೆವು.

ವಾರ್ಡ್ ಸಿಸ್ಟರ್

ಮೊದಲು ಹೇಳಿದ ನಮ್ಮ 68ರ ಯಜಮಾನರು ಎರಡನೇ ಸಲ ಡಿಸ್ಚಾರ್ಜ್ ಆಗಿ ಇವತ್ತಿಗೆ 12 ದಿನ. ಹೊಸ ಹಾಳೆಯ ಮೊದಲ ಪ್ರತಿ ಅವರಿಗೇ ಕೊಟ್ಟದ್ದು. ಮಗ ಈಗ ಫೋನ್ ಮಾಡಿದ್ದರು. "ಸಿಸ್ಟರ್, ಮೂರು ಸಲ ಅಂತ ಬರೆದಿದ್ದೀರಿ. ಅಪ್ಪ ನಾಲ್ಕು ಸಲ ನಡೀತಾರೆ, ಬೇಡ ಅಂದರೆ ಕೇಳಲ್ಲ. ಪರವಾಗಿಲ್ವಾ?" ಅಂತ. ಏನು ಹೇಳಲಿ?

ಹೃದಯ ಫಿಸಿಯೋ

ನಡೆಯುತ್ತಾ ಮಾತಾಡುತ್ತಾರಾ? ಮಾರನೇ ದಿನ ಬೆಳಿಗ್ಗೆ ಸುಸ್ತು ಉಳಿದಿರುತ್ತದಾ? ತೂಕ ಎಷ್ಟು?

ವಾರ್ಡ್ ಸಿಸ್ಟರ್

ಮಗನಿಗೆ ಹಳೇ ಕತೆಯೆಲ್ಲ ಹೇಳುತ್ತಾ ನಡೆಯುತ್ತಾರಂತೆ. ಬೆಳಿಗ್ಗೆ ಸುಸ್ತಿಲ್ಲ. ತೂಕ 61.4, ನಾಲ್ಕು ದಿನದಿಂದ ಅಷ್ಟೇ ಇದೆ.

ಹೃದಯ ಫಿಸಿಯೋ

ಹಾಗಾದರೆ ನಾಲ್ಕು ಸಲ ನಡೆಯಲಿ ಬಿಡಿ.